'ಅರ್ಜೆಂಟ್, ಪ್ಲೀಸ್ ಹೆಲ್ಪ್' ಅಂದ್ರೆ ಯಾರು ಉತ್ತರ ಕೊಡ್ತಾರೆ?

ಇವತ್ತು ರಾಜಕೀಯ ಬೇಡ. ಒಂದು ದಿನ ಅವರೂ ಆರಾಮಾಗಿರಲಿ, ನಾವೂ ಆರಾಮಾಗಿರೋಣ. ಇವತ್ತು ಒಂದು ಪ್ರಶ್ನೆಯ ಬಗ್ಗೆ ಮಾತಾಡ್ತೀನಿ. ನಾಲ್ಕು ದಿನ ಲ್ಯಾಪ್‌ಟಾಪಿನಲ್ಲೇ ಉಳಿದು, ಯಾರಿಗೂ ತಲುಪದೇ ಹೋಗಬಹುದಾಗಿದ್ದ ಪ್ರಶ್ನೆ.

ಕಳೆದ ತಿಂಗಳು ಶಿರ್ವಕ್ಕೆ ಹೋಗಿದ್ದೆ. ಕಟಪಾಡಿಯಲ್ಲಿ ಹೈವೇ ಬಿಟ್ಟು ಒಳಗೆ ಹೋದರೆ ಬಂಟಕಲ್, ಅದರಾಚೆ ಶಿರ್ವ. ಕಾಪು ತಾಲೂಕು. ಚಿಕ್ಕ ಊರು, ಆದರೆ ಓದಿನ ಊರು. ಆಚೆ ನಿಟ್ಟೆ, ಈಚೆ ಮಣಿಪಾಲ, ಪಕ್ಕದಲ್ಲೇ ಬಂಟಕಲ್ಲಿನ ಇಂಜಿನಿಯರಿಂಗ್ ಕಾಲೇಜು. ಆ ಭಾಗದಲ್ಲಿ ಕೋಡಿಂಗ್ ಕಲಿಯೋ ಮಕ್ಕಳಿಗೆ ಬರ ಇಲ್ಲ. ಒಂದು ಕಾರ್ಯಕ್ರಮದಲ್ಲಿ ಭಾಷಣ ಮುಗಿಸಿ ಕಾಫಿ ಕುಡೀತಾ ನಿಂತಿದ್ದೆ. ಇಂಜಿನಿಯರಿಂಗ್ ಓದೋ ಒಬ್ಬಳು ಹುಡುಗಿ ಬಂದಳು. ಸೆಲ್ಫಿಗೆ ಇರಬೇಕು ಅಂದ್ಕೊಂಡು ಕೂದಲು ಸರಿ ಮಾಡ್ಕೊಂಡೆ. ಆಕೆ ಕೇಳಿದ್ದೇ ಬೇರೆ.

"ಸರ್, ನೀವು ಪ್ರಶ್ನೆ ಕೇಳುದೇ ಕೆಲಸ ಮಾಡುದಲ್ವಾ? ಪ್ರಶ್ನೆ ಹೇಗೆ ಕೇಳುದು ಸರ್?"

ನೋಡಿ, ಇಷ್ಟು ವರ್ಷ ಟಿವಿಯಲ್ಲಿ ಕೂತು ಎಲ್ಲರನ್ನೂ ಪ್ರಶ್ನೆ ಕೇಳಿದವನು ನಾನು. ಹೇಗೆ ಕೇಳಬೇಕು ಅಂತ ನನ್ನನ್ನ ಯಾರೂ ಕೇಳಿರಲಿಲ್ಲ. ನಾವು ಕೇಳೋ ರೀತಿ ನಿಮಗೆ ಗೊತ್ತಲ್ಲ, ಪ್ರಶ್ನೆ ಕೇಳ್ತೀವಿ, ಉತ್ತರ ಶುರುವಾಗೋ ಹೊತ್ತಿಗೆ ಬ್ರೇಕ್ ತಗೋತೀವಿ. ಅದು ಪಾಠ ಹೇಳೋ ಯೋಗ್ಯತೆ ಅಲ್ಲ. ಆದರೂ, "ಏನಮ್ಮಾ ವಿಷಯ?" ಅಂದೆ.

ವಿಷಯ ಇದು. ಆಕೆ ಪ್ರಾಜೆಕ್ಟಿಗೆ ಅಂತ ಕನ್ನಡ ಶಾಲೆ ಮಕ್ಕಳಿಗೆ ಒಂದು ಪದದ ಆಟ ಮಾಡ್ತಿದ್ದಳು. ಪದ ಕೊಟ್ಟರೆ ಅದನ್ನ ಹಿಂದುಮುಂದು ಮಾಡಿ ತೋರಿಸಬೇಕು. ಅಷ್ಟೇ. ಕನ್ನಡದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರೋ ಪದ ಯಾವುದು? ವಿಕಟಕವಿ. ತೆನಾಲಿ ರಾಮನ ಕತೆ ಕೇಳಿದ ಮಗುವಿಗೂ ಗೊತ್ತು, ಈ ಕಡೆಯಿಂದ ಓದಿದರೂ ಅದೇ, ಆ ಕಡೆಯಿಂದ ಓದಿದರೂ ಅದೇ. ಆಕೆಯ ಪ್ರೋಗ್ರಾಂ ತಿರುಗಿಸಿದಾಗ ಏನು ಬಂತು? ಮೊದಲು ಒಂದು ಚುಕ್ಕಿಯ ವೃತ್ತ, ಅದರ ತಲೆ ಮೇಲೆ ಒಂಟಿ ಗುಡಿಸು, ಆಮೇಲೆ 'ವಕಟಕಿವ'! ಕನ್ನಡ ಶಾಲೆಯಲ್ಲಿ ಓದೋ ತಮ್ಮ ಪಕ್ಕದಲ್ಲಿ ಕೂತಿದ್ದನಂತೆ. "ಅಕ್ಕಾ, ನಿನ್ನ ಕಂಪ್ಯೂಟರಿಗೆ ಕನ್ನಡ ಬರುದಿಲ್ವಾ?" ಅಂತ ನಕ್ಕನಂತೆ.

ಬರಲ್ಲ. ಅದು ನಿಜ. ಯಾಕೆ ಅಂತ ಹೇಳ್ತೀನಿ, ಇದು ನನಗೂ ಅವತ್ತೇ ಗೊತ್ತಾಗಿದ್ದು. 'ನುಡಿ'ಯಲ್ಲಿ ಟೈಪ್ ಮಾಡೋರು ಒಮ್ಮೆ ಬೆರಳನ್ನ ನೆನಪು ಮಾಡ್ಕೊಳ್ಳಿ. ಶಿರ್ವ ಅಂತ ಬರೀಬೇಕು. ಶ ಒತ್ತಿದಿರಿ, ಗುಡಿಸು ಒತ್ತಿದಿರಿ, ರ ಒತ್ತಿದಿರಿ, ಒತ್ತಕ್ಷರಕ್ಕೆ ಎಫ್ ಒತ್ತಿದಿರಿ, ವ ಒತ್ತಿದಿರಿ. ಐದು ಕೀಲಿ. ಪರದೆಯ ಮೇಲೆ ನಮ್ಮ ಕಣ್ಣಿಗೆ ಕಾಣೋದು ಶಿ, ರ್ವ, ಎರಡೇ ಅಕ್ಷರ. ಆದರೆ ಯುನಿಕೋಡ್ ಪ್ರಕಾರ ಕಂಪ್ಯೂಟರ್ ಹೊಟ್ಟೆಯೊಳಗೆ ಇರೋದು ಐದು. ಶ, ಗುಡಿಸು, ರ, ಹಲಂತದ ಗುರುತು, ವ. ತಿರುಗಿಸು ಅಂದರೆ ಅದು ಐದನ್ನೂ ತಿರುಗಿಸುತ್ತೆ. ಶಿರ್ವ ಹೋಗಿ 'ವ್ರಿಶ' ಆಗುತ್ತೆ! ನೋಡೋಕೆ ಕನ್ನಡದ ಪದದ ಹಾಗೇ ಇದೆ, ಆದರೆ ಊರೇ ನಾಪತ್ತೆ.

ಇದೇ ಜಿಲ್ಲೆಯ ಮಣಿಪಾಲದಲ್ಲಿ ಪಾಠ ಹೇಳಿದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಇವತ್ತು ನುಡಿಯಲ್ಲಿ ನಾವು ಬಳಸೋದು. ಆ ಐದು ಒತ್ತುಗಳ ಹಿಂದೆ ಕನ್ನಡದ ಕಾಗುಣಿತ ಗೊತ್ತಿದ್ದ ಒಬ್ಬ ಮನುಷ್ಯನ ತಲೆ ಇದೆ. ಅದೇ ಜಿಲ್ಲೆಯ ಹುಡುಗಿಗೆ ಈಗ ಅದೇ ಅಕ್ಷರ ತಲೆನೋವು.

"ಯಾರನ್ನಾದರೂ ಕೇಳಿದ್ಯಾ?" ಅಂದೆ. ಎಐ ಕೇಳಿದ್ದಾಳೆ. ಈಗ ಎಲ್ಲರೂ ಮೊದಲು ಕೇಳೋದು ಅದನ್ನೇ ಅಲ್ವಾ? ಅದು ಒಂದು ಕ್ಷಣವೂ ತಡಮಾಡದೆ ಕೋಡ್ ಕೊಟ್ಟಿದೆ. ಒಂದೊಂದು ಸಂಕೇತ ತಗೋಬೇಡ, ಕಣ್ಣಿಗೆ ಒಂದು ಅಕ್ಷರ ಅನ್ನಿಸೋದನ್ನ ಒಂದು ಗುಂಪಾಗಿ ತಗೋ, ಅದಕ್ಕೆ ಯುನಿಕೋಡಿನಲ್ಲೇ ನಿಯಮ ಇದೆ ಅಂದಿದೆ. ಒಳ್ಳೇ ಸಲಹೆ. ಹಾಕಿ ನೋಡಿದಳು. ವಿಕಟಕವಿ ವಿಕಟಕವಿಯಾಗೇ ಬಂತು. ಖುಷಿ! ತಮ್ಮನನ್ನ ಕರೆದು ತೋರಿಸಿದಳು. ಅವನು ಊರಿನ ಹೆಸರು ಹಾಕಿದ. 'ವರ್ಶಿ' ಬಂತು.

ಗಮನಿಸಿ, ಮೊದಲ ತಪ್ಪು 'ವ್ರಿಶ', ಎರಡನೇ ತಪ್ಪು 'ವರ್ಶಿ'. ಬರಬೇಕಾಗಿದ್ದು 'ರ್ವಶಿ'. ಆ ನಿಯಮ ಶಿರ್ವವನ್ನ ಐದಾಗಿ ಒಡೀಲಿಲ್ಲ, ಎರಡಾಗಿಯೂ ಬಿಡಲಿಲ್ಲ. ಶಿ, ರ್, ವ ಅಂತ ಮೂರು ಮಾಡ್ತು. ಯಾಕೆ? 2023ರಲ್ಲಿ ಯುನಿಕೋಡಿನ 15.1ನೇ ಆವೃತ್ತಿ ಬಂತು. ಒತ್ತಕ್ಷರವನ್ನ ನಡುವೆ ಕತ್ತರಿಸಬಾರದು ಅನ್ನೋ ನಿಯಮ ಅದರಲ್ಲಿ ಸೇರಿತು. ಯಾವ ಲಿಪಿಗಳಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ತೆಲುಗು ಇದೆ ಸ್ವಾಮಿ, ಕನ್ನಡ ಇಲ್ಲ! ನಾನು ಯಾರನ್ನೂ ದೂರ್ತಾ ಇಲ್ಲ. ಗಡಿ, ನದಿ, ಬೋರ್ಡು ಅಂದ ತಕ್ಷಣ ಸ್ಟುಡಿಯೋದಲ್ಲಿ ಮೇಜು ಗುದ್ದೋ ನಾನೇ ಇದರ ಬಗ್ಗೆ ಒಂದು ನಿಮಿಷದ ಸುದ್ದಿ ಮಾಡಿರಲಿಲ್ಲ. ಗೊತ್ತಿದ್ದರೆ ತಾನೇ?

ಹಾಗಾದರೆ ಆ ಹುಡುಗಿ ಎಐ ಬಿಟ್ಟು ಮನುಷ್ಯರನ್ನ ಕೇಳಬಹುದಿತ್ತಲ್ಲ? ಜಗತ್ತಿನ ಪ್ರೋಗ್ರಾಮರ್‌ಗಳೆಲ್ಲ ಒಬ್ಬರಿಗೊಬ್ಬರು ಬಿಟ್ಟಿ ಸಹಾಯ ಮಾಡೋ ಜಾಗಗಳಿವೆ. ದುಡ್ಡಿಲ್ಲ, ಪರಿಚಯ ಇಲ್ಲ, ಮುಖ ಕೂಡ ನೋಡಿಲ್ಲ. "ಪ್ರಶ್ನೆ ಬರೆದಿಟ್ಟು ನಾಲ್ಕು ದಿನ ಆಯ್ತು ಸರ್. ಹಾಕ್ಲಿಲ್ಲ" ಅಂದಳು. ಯಾಕೆ? "ಹೆದರಿಕೆ ಆಗ್ತದೆ ಸರ್. ಇಷ್ಟೂ ಗೊತ್ತಿಲ್ವಾ ಅಂತ ಬೈತಾರೆ. ಮತ್ತೆ ನನ್ನ ಇಂಗ್ಲಿಷ್..."

ಈ ಹೆದರಿಕೆಯನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಇಂಥ ಜಾಗಗಳಲ್ಲಿ ದೊಡ್ಡದು ಸ್ಟ್ಯಾಕ್ ಓವರ್‌ಫ್ಲೋ. ಜೆಫ್ ಆಟ್‌ವುಡ್, ಜೋಯಲ್ ಸ್ಪಾಲ್‌ಸ್ಕಿ ಅನ್ನೋ ಇಬ್ಬರು 2008ರಲ್ಲಿ ಶುರುಮಾಡಿದ್ದು. ಅಲ್ಲಿ ಪ್ರಶ್ನೆ ಸರಿಯಿಲ್ಲ ಅಂದರೆ ಅಂಕ ಕಳೀತಾರೆ, ಈಗಾಗಲೇ ಉತ್ತರ ಇದೆ ಅಂದರೆ ಬಾಗಿಲು ಮುಚ್ತಾರೆ. ಹೊಸಬರಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ. 2018ರಲ್ಲಿ ಆ ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿತು, ನಮ್ಮಲ್ಲಿ ಹೊಸಬರಿಗೆ ಸ್ವಾಗತ ಸಿಗ್ತಾ ಇಲ್ಲ, ಇದು ಬದಲಾಗಬೇಕು ಅಂತ. ಇನ್ನು ಭಾಷೆ. ಇಂಗ್ಲಿಷ್ ಬಿಟ್ಟರೆ ಪೋರ್ಚುಗೀಸ್, ರಷ್ಯನ್, ಜಪಾನಿ, ಸ್ಪ್ಯಾನಿಷ್ ಭಾಷೆಗಳಲ್ಲಿ ಅದಕ್ಕೆ ಪ್ರತ್ಯೇಕ ತಾಣಗಳಿವೆ. ಕನ್ನಡದಲ್ಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್ ಅಂತ ಮೂರು ಮೆಟ್ಟಿಲು ಹತ್ತಿದ ಹುಡುಗಿ, ಕನ್ನಡ ಅಕ್ಷರದ ಸಮಸ್ಯೆಯನ್ನ ಇಂಗ್ಲಿಷಲ್ಲಿ ಕೇಳಬೇಕು.

ಅದರ ಜೊತೆಗೆ ನಮ್ಮದೂ ಒಂದು ಪಾಲಿದೆ. ನಮ್ಮ ಕ್ಲಾಸುಗಳಲ್ಲಿ ಕೈ ಎತ್ತಿದವನಿಗೆ ಏನು ಸಿಗುತ್ತೆ? "ಇಷ್ಟು ಹೊತ್ತು ಏನು ಕಡಲೆ ತಿಂತಿದ್ಯಾ?" ಇದೇ ತಾನೇ? ಇಪ್ಪತ್ತು ವರ್ಷ ಇದನ್ನ ಕೇಳಿ ಬೆಳೆದ ಮಗು ಇಡೀ ಜಗತ್ತಿನ ಮುಂದೆ ಕೈ ಎತ್ತು ಅಂದರೆ ಎತ್ತುತ್ತಾ?

ಒಂದು ಕತೆ ಹೇಳಿದೆ ಆಕೆಗೆ. 1991ರ ಜುಲೈ. ಫಿನ್ಲೆಂಡಿನ ಹೆಲ್ಸಿಂಕಿ, ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ. ಮಿನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಬಳಸೋರ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ. ಒಂದು ಕೆಲಸ ಮಾಡ್ತಿದೀನಿ, ಪೋಸಿಕ್ಸ್ ಅನ್ನೋ ಮಾನದಂಡದ ವಿವರ ಎಲ್ಲಿ ಸಿಗುತ್ತೆ ಅಂತ. ಅಷ್ಟೇ. ಆಗಸ್ಟ್ 25ಕ್ಕೆ ಅದೇ ಗುಂಪಿನಲ್ಲಿ, ನಾನೊಂದು ಆಪರೇಟಿಂಗ್ ಸಿಸ್ಟಂ ಮಾಡ್ತಿದೀನಿ, ಏನೇನು ಬೇಕು ಹೇಳಿ ಅಂತ ಕೇಳಿದ. ಆ ಹುಡುಗ ಲಿನಸ್ ಟೊರ್ವಾಲ್ಡ್ಸ್. ಆ ಕೆಲಸವೇ ಲಿನಕ್ಸ್. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ತಳದಲ್ಲಿ ಕೂತಿರೋದು ಅದೇ. ಅವನಿಗೂ ಎಲ್ಲಾ ಗೊತ್ತಿರಲಿಲ್ಲ, ಅದಕ್ಕೇ ಕೇಳಿದ. ಇಂಗ್ಲಿಷ್ ಅವನ ಮನೆ ಮಾತೂ ಅಲ್ಲ.

ಸರಿ, ಪ್ರಶ್ನೆ ತೋರಿಸು ಅಂದೆ. ಲ್ಯಾಪ್‌ಟಾಪ್ ತೆಗೆದಳು. ಶೀರ್ಷಿಕೆ: 'ಕನ್ನಡ ನಾಟ್ ವರ್ಕಿಂಗ್. ಅರ್ಜೆಂಟ್. ಪ್ಲೀಸ್ ಹೆಲ್ಪ್.' ಕೆಳಗೆ ಪರದೆಯನ್ನ ಮೊಬೈಲಲ್ಲಿ ಹೊಡೆದ ಫೋಟೋ, ಅದರ ಕೆಳಗೆ ಪೂರ್ತಿ ಪ್ರಾಜೆಕ್ಟಿನ ನೂರಾರು ಸಾಲು ಕೋಡು.

ಡಾಕ್ಟರ ಹತ್ರ ಹೋಗಿ "ಹುಷಾರಿಲ್ಲ, ಅರ್ಜೆಂಟು" ಅಂದರೆ ಅವರು ಏನು ಮಾಡ್ತಾರೆ? ಎಲ್ಲಿ ನೋವು, ಯಾವಾಗಿಂದ, ಏನು ತಿಂದಿದ್ರಿ, ಯಾವ ಮಾತ್ರೆ ತಗೊಂಡ್ರಿ ಅಂತ ಅವರೇ ಕೇಳಬೇಕು. ಇಲ್ಲಿ ಉತ್ತರ ಕೊಡೋನು ಎಲ್ಲೋ ದೂರದ ದೇಶದಲ್ಲಿ ತನ್ನ ಕೆಲಸ ಮುಗಿಸಿ, ಊಟಕ್ಕೆ ಮುಂಚೆ ಹತ್ತು ನಿಮಿಷ ಕೂತಿರ್ತಾನೆ. ಫೋಟೋದಲ್ಲಿರೋ ಕೋಡನ್ನ ಅವನು ಓಡಿಸಿ ನೋಡೋಕಾಗುತ್ತಾ? ನೂರಾರು ಸಾಲು ಓದ್ತಾನಾ? ಮತ್ತೆ ಆ 'ಅರ್ಜೆಂಟ್' ಯಾರದ್ದು? ನಮ್ಮದು, ಅವನದಲ್ಲ.

ನನಗೆ ಪ್ರೋಗ್ರಾಮಿಂಗ್ ಬರಲ್ಲ. ಆದರೆ ವರದಿ ತಿದ್ದೋದು ಬರುತ್ತೆ. ಅಲ್ಲೇ ಇದ್ದ ಒಬ್ಬರು ಯುವ ಉಪನ್ಯಾಸಕರೂ ಕುರ್ಚಿ ಎಳ್ಕೊಂಡು ಕೂತರು. ಅರ್ಧ ಗಂಟೆ. ಮೊದಲು ಕೋಡು ಕಡಿಮೆ ಮಾಡು ಅಂದ್ರು ಅವರು. ತಪ್ಪು ಕಾಣಿಸೋಕೆ ಎಷ್ಟು ಬೇಕೋ ಅಷ್ಟೇ ಇಡು, ಉಳಿದದ್ದು ತೆಗಿ. ತೆಗೀತಾ ತೆಗೀತಾ ನೂರಾರು ಸಾಲು ಐದಕ್ಕೆ ಬಂತು. ಅಷ್ಟು ಹೊತ್ತಿಗೆ ಆಕೆಗೇ ಒಂದು ವಿಷಯ ಹೊಳೀತು. "ಸರ್, ಒತ್ತಕ್ಷರ ಇದ್ರೆ ಮಾತ್ರ ತಪ್ಪಾಗುದು. ಇಲ್ದಿದ್ರೆ ಸರಿ ಉಂಟು!" ನಾಲ್ಕು ದಿನ ಕಾಣದ್ದು ಬರೆಯೋಕೆ ಕೂತ ಮೇಲೆ ಕಂಡಿತು. ಪ್ರೋಗ್ರಾಮರ್‌ಗಳು ಇದಕ್ಕೆ ಮೇಜಿನ ಮೇಲೆ ಒಂದು ರಬ್ಬರ್ ಬಾತುಕೋಳಿ ಇಟ್ಕೊಂಡು ಅದಕ್ಕೆ ತಮ್ಮ ಕೋಡು ವಿವರಿಸ್ತಾರಂತೆ. ಅವತ್ತು ಆ ಬಾತುಕೋಳಿ ನಾನೇ.

ಆಮೇಲೆ ಶೀರ್ಷಿಕೆ ಬದಲಾಯ್ತು. ಒತ್ತಕ್ಷರ ಒಡೆಯದಂತೆ ಕನ್ನಡ ಪದವನ್ನ ತಿರುಗಿಸೋದು ಹೇಗೆ? ಕೆಳಗೆ ನಾಲ್ಕೇ ವಾಕ್ಯ. ಕೊಟ್ಟಿದ್ದು ಶಿರ್ವ. ಬರಬೇಕಾದ್ದು ರ್ವಶಿ. ಬಂದಿದ್ದು ವರ್ಶಿ. ಯುನಿಕೋಡ್ ನಿಯಮ ಹಾಕಿ ನೋಡಿದೆ, ವಿಕಟಕವಿಗೆ ಸರಿಯಾಯ್ತು, ಇದಕ್ಕೆ ಆಗಲಿಲ್ಲ. ಇಷ್ಟಕ್ಕೆ ಎಷ್ಟು ಇಂಗ್ಲಿಷ್ ಬೇಕು ಹೇಳಿ? ಏಳನೇ ಕ್ಲಾಸಿನ ಇಂಗ್ಲಿಷ್ ಸಾಕು. ಕ್ಷಮಿಸಿ, ನಾನು ಹೊಸಬಳು, ನನ್ನ ಇಂಗ್ಲಿಷ್ ಕೆಟ್ಟದು ಅನ್ನೋ ಸಾಲನ್ನ ಹೊಡೆದು ಹಾಕಿಸಿದೆ. ಯಾಕೆ ಕ್ಷಮೆ? ಯಾರದ್ದಾದರೂ ಸಾಲ ತಿಂದಿದಾಳಾ?

ನಾನು ಬೆಂಗಳೂರಿಗೆ ಬಂದ ಮಾರನೇ ದಿನ ಮೆಸೇಜ್ ಬಂತು. ಪ್ರಶ್ನೆ ಹಾಕಿದ್ದಾಳೆ. ಮೊದಲು ಬಂದಿದ್ದು ಒಂದು ಒರಟು ಪ್ರತಿಕ್ರಿಯೆ, ಇದು ಹಳೇ ಪ್ರಶ್ನೆ, ಮೊದಲು ಹುಡುಕು ಅಂತ. ಹುಡುಗಿ ಹೆದರಿ ಅಳಿಸಿಬಿಡ್ತಾಳೆ ಅಂದ್ಕೊಂಡೆ. ಇಲ್ಲ. ಆ ಹಳೇ ಉತ್ತರವನ್ನ ಹಾಕಿ ನೋಡಿದೆ, ಅದಕ್ಕೂ ವರ್ಶಿ ಬರ್ತದೆ ಅಂತ ಉತ್ತರ ಬರೆದಿದ್ದಾಳೆ. ಒಂದೇ ಸಾಲು, ಜಗಳ ಇಲ್ಲ. ರಾತ್ರಿಯೊಳಗೆ ಬೇರೆ ಯಾರೋ ಬಂದು ದಾರಿ ಹೇಳಿದರು. ಹಲಂತದ ಗುರುತಿನ ಮುಂದೆ ಇನ್ನೊಂದು ವ್ಯಂಜನ ಬಂದರೆ ಕತ್ತರಿಸಬೇಡ, ಜೊತೆಗೇ ಇಡು ಅಂತ. ಎರಡು ಸಾಲು ಕೋಡು. ಇನ್ನೊಬ್ಬರು ಬಂದು, ಇದು 'ರ‍್ಯಾಂಕ್' ಅನ್ನೋ ಪದಕ್ಕೆ ಕೈಕೊಡಬಹುದು, ಅಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಇರುತ್ತೆ, ನೋಡಿಕೋ ಅಂದರು.

ಎಐ ತಪ್ಪು ಹೇಳಿದಾಗ ತಿದ್ದೋಕೆ ಯಾರಿದ್ದರು? ಆ ತಪ್ಪು ಆಕೆಯ ಫೋನಿನಲ್ಲೇ ಉಳೀತು. ಇಲ್ಲಿ ಒಬ್ಬ ಉತ್ತರ ಕೊಟ್ಟ, ಇನ್ನೊಬ್ಬ ಬಂದು ಅದರಲ್ಲಿ ತೂತು ತೋರಿಸಿದ. ನಾಳೆ ಹಾಸನದಲ್ಲೋ ಕಾಸರಗೋಡಲ್ಲೋ ಇದೇ ತೊಂದರೆ ಆದವರಿಗೆ ಅದು ಅಲ್ಲೇ ಸಿಗುತ್ತೆ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಡಿಸೆಂಬರ್ ಮೊದಲ ವಾರದಲ್ಲೇ ಸ್ಟ್ಯಾಕ್ ಓವರ್‌ಫ್ಲೋ ಎಐ ಬರೆದ ಉತ್ತರಗಳನ್ನ ತನ್ನಲ್ಲಿ ಹಾಕಬೇಡಿ ಅಂತ ನಿಷೇಧ ಹಾಕಿತು. ನಿಷೇಧ ಹಾಕಿದ್ದು ಉತ್ತರಕ್ಕೆ. ಪ್ರಶ್ನೆ ಕೇಳೋರೇ ಅಲ್ಲಿಗೆ ಬರೋದು ಕಡಿಮೆ ಮಾಡಿದರೆ? ಆಮೇಲೆ ಆಗಿದ್ದು ಅದೇ, ಹೊಸ ಪ್ರಶ್ನೆಗಳ ಸಂಖ್ಯೆ ವಿಪರೀತ ಇಳಿದಿದೆ. 2024ರಲ್ಲಿ ಅದೇ ಸ್ಟ್ಯಾಕ್ ಓವರ್‌ಫ್ಲೋ ಚಾಟ್‌ಜಿಪಿಟಿಯ ಓಪನ್‌ಎಐ ಜೊತೆ ಒಪ್ಪಂದ ಮಾಡ್ಕೊಂಡಿತು. ಅಂದರೆ ಯಂತ್ರಕ್ಕೂ ಬೇಕಾಗಿರೋದು ಮನುಷ್ಯರು ಒಬ್ಬರಿಗೊಬ್ಬರು ಬರೆದ ಉತ್ತರಗಳೇ. ಇಂಗ್ಲಿಷಿಗೆ ಅದರ ರಾಶಿ ಇದೆ. ಕನ್ನಡದ ಅಕ್ಷರದ ಬಗ್ಗೆ ನಾವು ಕೇಳದೇ ಹೋದರೆ ಅದು ಕಲಿಯೋದು ಎಲ್ಲಿಂದ? ತುಳು-ತಿಗಳಾರಿ ಲಿಪಿ 2024ರಲ್ಲಷ್ಟೇ ಯುನಿಕೋಡಿಗೆ ಸೇರಿದೆ. ಅದರ ಪ್ರಶ್ನೆಗಳು ಇನ್ನು ಶುರುವಾಗಬೇಕು, ಅದನ್ನ ಕೇಳೋರು ಈ ಕರಾವಳಿಯ ಮಕ್ಕಳೇ ಆಗಿರ್ತಾರೆ.

ಮೊನ್ನೆ ಶಿರ್ವದಿಂದ ಮತ್ತೆ ಮೆಸೇಜ್. "ಸರ್, ಪ್ರಾಜೆಕ್ಟ್ ಆಯ್ತು. ಆದ್ರೆ ಬಂಟಕಲ್ ಅಂತ ಹಾಕಿದ್ರೆ ಲ್ಕಟಬಂ ಬರ್ತದೆ. ಕೊನೆಯ ಲ್ ಹೋಗಿ ಕ ಜೊತೆ ಸೇರ್ತದೆ. ಪುನಃ ತಿರುಗಿಸಿದ್ರೆ ಬಂಟಲ್ಕ ಆಗ್ತದೆ, ಬಂಟಕಲ್ ವಾಪಸ್ ಬರುದೇ ಇಲ್ಲ. ಇದು ಸರಿಯಾ ತಪ್ಪಾ?"

ಪೆನ್ನು ಪೇಪರ್ ತಗೊಂಡು ಕೂತೆ ಸ್ವಾಮಿ. ಹತ್ತು ನಿಮಿಷ. ನನಗೆ ಬಗೆಹರೀಲಿಲ್ಲ. "ನನ್ನನ್ನ ಕೇಳಬೇಡಮ್ಮಾ, ಅಲ್ಲೇ ಕೇಳು" ಅಂತ ಬರೆದೆ.

"ಹಾಕಿ ಆಯ್ತು ಸರ್, ಬೆಳಿಗ್ಗೆಯೇ" ಅಂತ ಉತ್ತರ ಬಂತು.