ಉಕ್ಕಿನ ಹೆಣಿಗೆಯ ಹೋಸನ್ನು ಕೊಯ್ಯುವ ಬಗೆ



ಮೋಟಾರು ವಾಹನಗಳ ದುರಸ್ತಿಯನ್ನು ಕುರಿತ ಈ ಭಾಷಣಮಾಲೆ ಆರಂಭವಾದಂದಿನಿಂದ ಶ್ರೋತೃಗಳ ಪತ್ರಗಳಲ್ಲಿ ಮೇಲಿಂದ ಮೇಲೆ ತಲೆದೋರುತ್ತಿರುವ ದೂರೊಂದುಂಟು. ಪೆಟ್ರೋಲು ಅಥವಾ ಎಣ್ಣೆ ಹರಿಯುವ, ಹೊರಮೈಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಹೆಣಿಗೆಯುಳ್ಳ ಹೋಸನ್ನು ಅಳತೆಗೆ ಕೊಯ್ದೊಡನೆ ತುದಿಯ ತಂತಿಗಳು ಕೆದರಿ ನಿಂತು, ಜೋಡಣೆಯ ನಟ್ಟಿನೊಳಕ್ಕೆ ಹೋಗಲೊಲ್ಲದೆ, ಬೆರಳುಗಳನ್ನು ಚುಚ್ಚಿ ರಕ್ತ ಬರಿಸುತ್ತವೆಂಬುದೇ ಆ ದೂರು. ಬ್ಲೇಡಿನ ಹರಿತ ಸಾಲದೆಂದು ತಾವೇ ತೀರ್ಮಾನಿಸಿ, ಇನ್ನೂ ಹೆಚ್ಚು ಬೆಲೆಯ ಬ್ಲೇಡು ಯಾವುದೆಂದು ಕೇಳುವವರೇ ಬಹುಮಂದಿ. ದೋಷ ಬ್ಲೇಡಿನದಲ್ಲ, ಕೊಯ್ಯುವ ಮೊದಲು ತಂತಿಗಳನ್ನು ಬಂಧಿಸದೆ ಇದ್ದುದರದು.

ಒಳಗಿನ ರಬ್ಬರಿನ ನಳಿಕೆಯ ಮೇಲೆ ಸೂಕ್ಷ್ಮವಾದ ತಂತಿಗಳ ಕಟ್ಟುಗಳು ಕೆಲವು ಬಲಕ್ಕೂ ಕೆಲವು ಎಡಕ್ಕೂ ಓರೆಯಾಗಿ ಸುತ್ತುತ್ತ, ಒಂದರ ಮೇಲೆ ಹಾಯ್ದು ಇನ್ನೊಂದರ ಕೆಳಗೆ ನುಸುಳುತ್ತ ಸಾಗುತ್ತವೆ. ಬಾಗಿಸಿದರೆ ಬಾಗಿಯೇ ಇರುವ ತಂತಿಗಳಲ್ಲ ಇವು. ಸೆಟೆದು ನಿಲ್ಲುವುದೇ ಇವುಗಳ ಸ್ವಭಾವ. ಒಂದೊಂದನ್ನೂ ಅದರ ಸ್ಥಾನದಲ್ಲಿ ಅದುಮಿ ಹಿಡಿದಿರುವುದು ಅದರ ಮೇಲೆ ಅಡ್ಡ ಹಾಯುವ ನೆರೆಯ ತಂತಿ. ಕೊಯ್ದ ಸ್ಥಳದಲ್ಲಿ ಆ ನೆರೆಯದೂ ಕಡಿದುಹೋಗಿರುವ ಕಾರಣ ಎರಡೂ ಹೊರಕ್ಕೆ ಸಿಡಿಯುತ್ತವೆ. ಮತ್ತೊಮ್ಮೆ ಹೇಳುತ್ತೇನೆ: ತಂತಿಯನ್ನು ತಂತಿಯೇ ಹಿಡಿದಿದೆ, ಕೊಯ್ದಲ್ಲಿ ಹಿಡಿಯುವವರಿಲ್ಲ. ಜಡೆಯ ತುದಿ ಬಿಚ್ಚದಂತೆ ಕಟ್ಟುವ ಟೇಪು ಮಾಡುವ ಕೆಲಸವನ್ನು ಇಲ್ಲಿಯೂ ಏನಾದರೊಂದು ಮಾಡಲೇಬೇಕು, ಅದೂ ಗರಗಸ ತಾಗುವುದಕ್ಕೆ ಮೊದಲೇ.

ಈ ಹೆಣಿಗೆಗೆ ಮತ್ತೊಂದು ಗುಣವಿದೆ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸೊಪ್ಪದು. ಉದ್ದಕ್ಕೆ ಎಳೆದರೆ ಇದು ಕಿರಿದಾಗಿ ರಬ್ಬರನ್ನು ಬಿಗಿಯುತ್ತದೆ. ತುದಿಯಿಂದ ಹಿಂದಕ್ಕೆ ತಳ್ಳಿದರೆ ಉಬ್ಬಿ ಸಡಿಲವಾಗುತ್ತದೆ. ನಟ್ಟಿನೊಳಕ್ಕೆ ಹೋಗದ ಹೋಸನ್ನು ಬಲವಂತವಾಗಿ ತುರುಕುವವರು ತಳ್ಳಿದಷ್ಟೂ ಅದನ್ನು ದಪ್ಪ ಮಾಡುತ್ತಿರುತ್ತಾರೆ, ಅನಂತರ ನಟ್ಟನ್ನು ಶಪಿಸುತ್ತಾರೆ! ಆದುದರಿಂದ ಕೊಯ್ಯಬೇಕಾದೆಡೆ ಗುರುತು ಮಾಡಿ, ಅದರ ಎರಡು ಪಕ್ಕಗಳಲ್ಲಿಯೂ ಹಿಡಿದು ಎಳೆಯಿರಿ. ಹೆಣಿಗೆ ಬಿಗಿದುಕೊಂಡಾಗ ಗುರುತಿನ ಮೇಲೆಯೇ ಅಂಟುವ ಟೇಪನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಆ ಟೇಪಿನ ಮಧ್ಯದಲ್ಲಿ ಕೊಯ್ಯಿರಿ. ಟೇಪಿನ ಅಂಚಿನಲ್ಲಿ ಅಲ್ಲ, ಮಧ್ಯದಲ್ಲಿ. ನಾನು ಕೆಲಸ ಕಲಿತ ಗ್ಯಾರೇಜಿನ ಹಿರಿಯ ಮೇಸ್ತ್ರಿಯವರು ಟೇಪು ಸುತ್ತದ ಹೋಸಿನ ಮೇಲೆ ಗರಗಸ ಇಟ್ಟವನ ಕೈಯಿಂದ ಅದನ್ನು ಕಿತ್ತುಕೊಂಡೇಬಿಡುತ್ತಿದ್ದರು.

ಕಟಿಂಗ್ ಪ್ಲೇಯರಿನಿಂದ ಕಚ್ಚಿ ಕಚ್ಚಿ ಕಡಿಯುವುದು ಹೋಸನ್ನು ಚಪ್ಪಟೆ ಮಾಡುವ ಉಪಾಯವೇ ಹೊರತು ಕೊಯ್ಯುವ ಉಪಾಯವಲ್ಲ. ತುದಿಯನ್ನು ಕಾಯಿಸಿ ತಂತಿಗಳನ್ನು ಬೆಸೆಯಬಹುದೆಂಬ ನಂಬಿಕೆಯಂತೂ ಒಳಗಿನ ರಬ್ಬರಿನ ಅಸ್ತಿತ್ವವನ್ನೇ ಮರೆತವರದು. ಹ್ಯಾಕ್ಸಾ ಆದರೆ ಅಂಗುಲಕ್ಕೆ 32 ಹಲ್ಲುಗಳ ಬ್ಲೇಡು ಇರಲಿ. ದೊಡ್ಡ ಹಲ್ಲು ತಂತಿಯನ್ನು ಕೊಯ್ಯದೆ ಕೊಕ್ಕೆ ಹಾಕಿ ಎಳೆಯುತ್ತದೆ. ವೈಸಿನ ದವಡೆಗೆ ನೇರವಾಗಿ ಸಿಕ್ಕಿಸದೆ, ತೂತು ಕೊರೆದು ಸೀಳಿದ ಮರದ ತುಂಡಿನ ನಡುವೆ ಹಿಡಿಸಿ. ನನ್ನ ಅಭಿಪ್ರಾಯದಲ್ಲಿ ಗ್ರೈಂಡರಿನ 1 ಮಿಲಿಮೀಟರ್ ದಪ್ಪದ ಕಟಿಂಗ್ ವೀಲೇ ಉತ್ತಮ, ಏಕೆಂದರೆ ಹಲ್ಲಿಲ್ಲದ ಆ ಚಕ್ರ ಎಳೆಯುವುದಿಲ್ಲ. ಆದರೆ ಕಿಡಿ ಹಾರುವುದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಪೆಟ್ರೋಲು ಹರಿದಿದ್ದ ಹಳೆಯ ಹೋಸನ್ನು ಬಿಟ್ಟು ಹೊಸದನ್ನು ಮಾತ್ರ, ಅದೂ ವಾಹನದಿಂದ ದೂರ ಕೊಂಡೊಯ್ದು, ಕೊಯ್ಯಿರಿ.

ಕೊಯ್ದ ಬಳಿಕ ಒಳಗೆ ಉಳಿಯುವ ಲೋಹದ ಪುಡಿಯನ್ನು ಯಾರೂ ಗಣನೆಗೆ ತಾರರು. ಅದೇ ಪುಡಿ ಕಾರ್ಬ್ಯುರೇಟರಿನ ಜೆಟ್ಟನ್ನು ಮುಚ್ಚಿದಾಗ ಪಂಪಿನ ಮೇಲೆ ಸಂಶಯಪಡುತ್ತಾರೆ. ಗಾಳಿ ಹಾಯಿಸಿ, ಆ ಹೋಸಿನಲ್ಲಿ ಮುಂದೆ ಹರಿಯಬೇಕಾದ ದ್ರವದಿಂದಲೇ ತೊಳೆದು, ಜೋಡಿಸುವವರೆಗೆ ಎರಡು ಬಾಯಿಗಳನ್ನೂ ಮುಚ್ಚಿಡಿ.

ಹೆಣಿಗೆಯ ವಿಷಯವೇ ಇಷ್ಟು ಹೊತ್ತನ್ನು ನುಂಗಿದುದರಿಂದ ಬ್ರೇಕಿನ ಹೋಸಿನ ಕುರಿತು ಎರಡೇ ಮಾತು. ಅದನ್ನು ಮನೆಯಲ್ಲಿ ಕೊಯ್ದು ಕ್ಲಿಪ್ಪು ಬಿಗಿದು ಜೋಡಿಸಲೇಬಾರದು. ಕಾರ್ಖಾನೆಯಲ್ಲಿ ತುದಿಗಳನ್ನು ಒತ್ತಿ, ಒತ್ತಡಕ್ಕೆ ಪರೀಕ್ಷಿಸಿದುದನ್ನೇ ಕೊಳ್ಳಬೇಕು. ಹೊರಗಿನ ಉಕ್ಕು ಹೊಳೆಯುತ್ತಿದ್ದ ಮಾತ್ರಕ್ಕೆ ಒಳಗಿನ ನಳಿಕೆ ಹಳತಾಗಿಲ್ಲವೆಂದು ತಿಳಿಯಬೇಡಿ. ಉಳಿದ ಹೋಸುಗಳನ್ನು ಜೋಡಿಸಿ ಎಂಜಿನ್ನು ಚಾಲೂ ಮಾಡಿದ ಮೇಲೆ ಕೂಡುವೆಡೆಯಲ್ಲಿ ತೇವ ಕಾಣುತ್ತದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಿ, ಬರಿಯ ಬೆರಳಿನಿಂದಲ್ಲ.