ತೂಕಡಿಕೆ, ಸಾಲ, ದಾಸ್ಯ



ಮಗಧದ ಒಂದು ಹಳ್ಳಿಯಲ್ಲಿ ಮೊಗ್ಗಲ್ಲಾನ ಧ್ಯಾನಕ್ಕೆ ಕುಳಿತು ತೂಕಡಿಸುತ್ತಿದ್ದ. ಬುದ್ಧನ ಇಬ್ಬರು ಅಗ್ರಶ್ರಾವಕರಲ್ಲಿ ಒಬ್ಬನೆಂದು ಹೆಸರಾದವನು ಈತನೇ. ಅಂಗುತ್ತರ ನಿಕಾಯದಲ್ಲಿ ಬರುವ ಪ್ರಸಂಗವಿದು. ಬುದ್ಧ ಅವನನ್ನು ಗದರಲಿಲ್ಲ; ಒಂದರ ಹಿಂದೊಂದು ಉಪಾಯ ಹೇಳಿದ. ಯಾವ ಭಾವನೆಯಲ್ಲಿದ್ದಾಗ ಮಂಪರು ಹತ್ತಿತೋ ಅದನ್ನು ಬಿಡು. ಹೋಗದಿದ್ದರೆ ಕೇಳಿದ ಧರ್ಮವನ್ನು ಮನನ ಮಾಡು, ಬಾಯಿಬಿಟ್ಟು ಪಠಿಸು, ಕಿವಿ ಹಿಂಡಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರಗಳನ್ನು ನೋಡು, ಬೆಳಕನ್ನು ನೆನೆ, ಅತ್ತಿಂದಿತ್ತ ನಡೆದಾಡು. ಯಾವುದೂ ಫಲಿಸದಿದ್ದರೆ ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಬಲಮಗ್ಗುಲಾಗಿ ಮಲಗು.

ನಿದ್ದೆಗೆ ಕೊನೆಯ ಮದ್ದು ನಿದ್ದೆಯೇ. ದೇಹವನ್ನು ದಂಡಿಸುವುದೇ ಸಾಧನೆಯೆಂದು ನಂಬಿದ್ದ ಶ್ರಮಣಪಂಥಗಳ ನಡುವೆ ಇದು ಸಣ್ಣ ಮಾತಲ್ಲ.

ಧ್ಯಾನಕ್ಕೆ ಅಡ್ಡ ಬರುವ ಐದನ್ನು ಪಾಲಿ ಗ್ರಂಥಗಳು 'ನೀವರಣ'ವೆನ್ನುತ್ತವೆ: ಇಂದ್ರಿಯಸುಖದ ಬಯಕೆ, ದ್ವೇಷ, ಜಡತೆ ಮತ್ತು ಮಂಪರು, ಚಂಚಲತೆ ಮತ್ತು ಪರಿತಾಪ, ಸಂಶಯ. ಇವುಗಳನ್ನು ಪಾಪವೆಂದು ಹಳಿಯುವ ಗೋಜಿಗೆ ಸತಿಪಟ್ಠಾನ ಸುತ್ತ ಹೋಗುವುದಿಲ್ಲ. ಒಳಗೆ ದ್ವೇಷವಿದ್ದರೆ ಇದೆಯೆಂದು, ಇಲ್ಲದಿದ್ದರೆ ಇಲ್ಲವೆಂದು ಅರಿಯಬೇಕು. ಇಲ್ಲದ್ದು ಹೇಗೆ ಹುಟ್ಟಿತು, ಹುಟ್ಟಿದ್ದು ಹೇಗೆ ಬಿಟ್ಟುಹೋಯಿತು ಎಂಬುದನ್ನೂ ಅರಿಯಬೇಕು. ಒತ್ತು ಬೀಳುವುದು ಕಾರಣದ ಮೇಲೆ.

ಇಂದಿನ ಕಚೇರಿಗಳಲ್ಲಿ ನಡೆಯುವ ಧ್ಯಾನಶಿಬಿರಗಳು ಕೈಬಿಟ್ಟಿರುವುದು ಈ ಕಾರಣದ ಪ್ರಶ್ನೆಯನ್ನೇ. ಹನ್ನೆರಡು ತಾಸು ದುಡಿದವನ ಮಂಪರು ಅವನ ಚಿತ್ತದ ದೋಷವಾಗಿಬಿಡುತ್ತದೆ. ಏಜೆಂಟನಿಗೆ ಹಣ ಕಟ್ಟಲು ಸಾಲ ಮಾಡಿ ಗಲ್ಫಿಗೆ ಬಂದ ಕಟ್ಟಡ ಕಾರ್ಮಿಕನಿಗೆ ರಾತ್ರಿ ನಿದ್ದೆ ಹತ್ತದಿದ್ದರೆ, ಉಸಿರನ್ನು ಗಮನಿಸು ಎಂಬ ಉಪದೇಶ ಸಿಗುತ್ತದೆ. ಉಸಿರನ್ನು ಗಮನಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಬುದ್ಧನಿಗೆ ಸಾಲದ ಭಾರ ಗೊತ್ತಿತ್ತು. ಸಾಮಞ್ಞಫಲ ಸುತ್ತದಲ್ಲಿ ಅಜಾತಶತ್ರುವಿಗೆ ನೀವರಣಗಳನ್ನು ವಿವರಿಸುವಾಗ ಆತ ಕೊಡುವ ಹೋಲಿಕೆಗಳು ಸಾಲ, ರೋಗ, ಸೆರೆವಾಸ, ದಾಸ್ಯ, ಕಾಡುದಾರಿಯ ಪಯಣ. ಸಾಲ ತೀರಿ ಹೆಂಡತಿಯನ್ನು ಸಾಕುವಷ್ಟು ಉಳಿದವನ ಸಂತೋಷ, ದಾಸ್ಯ ಕಳೆದು ಬೇಕಾದಲ್ಲಿಗೆ ಹೋಗಬಲ್ಲವನ ಸಂತೋಷ: ಮನಸ್ಸಿನ ಬಿಡುಗಡೆಯನ್ನು ಅಳೆಯಲು ಆತನಿಗೆ ಸಿಕ್ಕ ಅಳತೆಗೋಲುಗಳಿವು. ಕೇಳುತ್ತ ಕುಳಿತಿದ್ದವನು ಸೆರೆಮನೆಗಳ ಒಡೆಯನಾದ ರಾಜ ಎಂಬುದನ್ನೂ ಮರೆಯುವಂತಿಲ್ಲ.

ವಿನಯಪಿಟಕದ ಮಹಾವಗ್ಗದಲ್ಲಿ ಮಾತ್ರ ಬೇರೊಂದು ನಿಯಮವಿದೆ. ಸಾಲಗಾರನಿಗೆ ಪ್ರವ್ರಜ್ಯೆ ಕೊಡಬಾರದು, ದಾಸನಿಗೂ ಕೊಡಬಾರದು. ಓಡಿಬಂದವರಿಗೆ ದೀಕ್ಷೆ ಕೊಟ್ಟಾಗ ಜನ ಆಕ್ಷೇಪಿಸಿದರು, ಅದರಿಂದ ಈ ನಿಯಮ ಬಂತು ಎಂದು ಗ್ರಂಥವೇ ಹೇಳುತ್ತದೆ. ಸಂಘ ಉಳಿಯಬೇಕಿದ್ದರೆ ಒಡೆಯರನ್ನೂ ಸಾಲ ಕೊಟ್ಟವರನ್ನೂ ಎದುರು ಹಾಕಿಕೊಳ್ಳುವುದು ಕಷ್ಟವಿದ್ದಿರಬೇಕು. ಬಿಡುಗಡೆಗೆ ಉಪಮೆಯಾದವರೇ ವಿಹಾರದ ಬಾಗಿಲಿನ ಹೊರಗೆ ನಿಂತರು.