ತೊಗಲು ಕೆಡಿಸದ ಗುಂಡು

ಉತ್ತರ ಅಮೆರಿಕದ ಬಯಲುಗಳಲ್ಲಿ ಕಯೋಟಿ ಎಂಬುದೊಂದು ಪ್ರಾಣಿಯುಂಟು. ತೋಳಕ್ಕಿಂತ ಚಿಕ್ಕದು, ನಮ್ಮ ಗುಳ್ಳೆನರಿಗೆ ಅಣ್ಣನೆನ್ನಬಹುದು. ಚಳಿಗಾಲದಲ್ಲಿ ತುಪ್ಪುಳು ದಟ್ಟವಾದಾಗ ಅದರ ತೊಗಲಿಗೆ ಬೆಲೆ. ಬೇಟೆಗಾರನ ತೊಡಕೂ ಅಲ್ಲಿಯೇ: ಕೊಲ್ಲುವ ಗುಂಡೇ ಸರಕನ್ನೂ ಕೆಡಿಸುವುದು.

ಗುಂಡು ಹೊಕ್ಕೆಡೆ ರಂಧ್ರವು ಕಿರಿದು, ಹಾನಿಯಾಗುವುದು ಹೊರಬೀಳುವೆಡೆಯಲ್ಲಿ. ಜಿಂಕೆಗೆಂದು ಮಾಡಿದ ಅರಳುವ ಗುಂಡು ಕಯೋಟಿಯ ಸಣ್ಣ ಮೈಯನ್ನು ಭೇದಿಸಿ ಆಚೆಯ ಬದಿಯ ತೊಗಲನ್ನು ಅಗಲವಾಗಿ ಹರಿದುಬಿಡಬಲ್ಲದು. ಹಾಗಾದರೆ ಪೂರ್ಣ ಕವಚವುಳ್ಳ, ಅರಳದ ಗುಂಡನ್ನು ಹಾರಿಸಬಾರದೆ? ಕೋವಿ ಹಿಡಿದರಿಯದ ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಅದು ಮಾಡುವ ತೂತು ಸಣ್ಣದು, ನಿಜ. ಆದರೆ ಮರ್ಮಕ್ಕೆ ತಗಲದಿದ್ದರೆ ಪ್ರಾಣಿಯು ಗಾಯಗೊಂಡು ಓಡಿ, ಎಲ್ಲಿಯೋ ಪೊದೆಯಲ್ಲಿ ನರಳಿ ಸಾಯುವುದು. ತೊಗಲು ಹರಿಯುವುದಕ್ಕಿಂತ ಇದೇ ನಮಗೆ ದೊಡ್ಡ ದೋಷವೆಂದು ತೋರುತ್ತದೆ.

ಬಲ್ಲವರು ಹಲವರು ಆರಿಸುವುದು ಹಗುರವಾದ, ತೆಳುಕವಚದ ಗುಂಡನ್ನು. 1971ರಲ್ಲಿ ಮಾರಾಟಕ್ಕೆ ಬಂದ .17 ರೆಮಿಂಗ್ಟನ್ ತೋಟಾದ ಗುಂಡಿನ ತೂಕ ಸುಮಾರು 25 ಗ್ರೇನ್, ಅಂದರೆ 1.6 ಗ್ರಾಂ, ವೇಗವೋ ಸೆಕೆಂಡಿಗೆ 4000 ಅಡಿಯಷ್ಟು! ಪಕ್ಕೆಲುಬುಗಳ ನಡುವೆ ಹೊಕ್ಕೊಡನೆ ಪುಡಿಯಾಗಿ, ಬಲವನ್ನೆಲ್ಲ ಒಳಗೆಯೇ ಕಳೆದು, ಬಹುಮಟ್ಟಿಗೆ ಹೊರಬೀಳದೆ ಉಳಿಯುತ್ತದೆ. ಪ್ರಾಣಿ ನಿಂತಲ್ಲಿಯೇ ಕುಸಿಯುವುದು. ಆದರೆ ಹೆಗಲಿನ ಮೂಳೆಗೆ ಬಡಿದರೆ ಅದೇ ಗುಂಡು ಮೇಲೆಯೇ ಸಿಡಿದು ದೊಡ್ಡ ಗಾಯ ಮಾಡೀತು. ಬಿರುಗಾಳಿಯಲ್ಲಿ ದೂರದ ಗುರಿಯನ್ನೂ ತಪ್ಪೀತು. ಆದುದರಿಂದ ಗಾಳಿಯ ಸೀಮೆಯವರು .22-250ರಂತಹ ದೊಡ್ಡ ತೋಟಾವನ್ನೇ ನೆಚ್ಚಿ, ತೂತು ಬಿದ್ದಲ್ಲಿ ತೊಗಲನ್ನು ಒಳಮಗ್ಗುಲಿಗೆ ತಿರುವಿ, ಸೂಜಿದಾರ ಹಿಡಿದು ಹೊಲಿಯಲು ಕೂಡುತ್ತಾರೆ.